ಬಲ್ಲ ಮನುಷ್ಯ: 'ಸೇಪಿಯನ್ಸ್' ಎಂಬ ಪದದ ಅರ್ಥವೂ ರೂಪವೂ

ಜೀವಶಾಸ್ತ್ರವನ್ನು ಓದುವ ಪ್ರತಿಯೊಬ್ಬ ವಿದ್ಯಾರ್ಥಿಗೂ 'ಹೋಮೋ ಸೇಪಿಯನ್ಸ್' ಎಂಬ ಹೆಸರು ಪರಿಚಿತವಾದುದು. ಮಾನವಜಾತಿಗೆ ವಿಜ್ಞಾನವು ಇಟ್ಟಿರುವ ಹೆಸರು ಅದು. ಸ್ವೀಡನ್ ದೇಶದ ಪ್ರಕೃತಿವಿಜ್ಞಾನಿ ಕಾರ್ಲ್ ಲಿನೀಯಸ್ ತನ್ನ 'ಸಿಸ್ಟೇಮ ನಾಟೂರೈ' ಎಂಬ ಗ್ರಂಥದ ಹತ್ತನೆಯ ಆವೃತ್ತಿಯಲ್ಲಿ, ಅಂದರೆ 1758ರಲ್ಲಿ, ಈ ಹೆಸರನ್ನು ಬಳಕೆಗೆ ತಂದನು. ಅಂದಿನಿಂದ ಇಂದಿನವರೆಗೆ ಅದು ಬದಲಾಗದೆ ನಿಂತಿದೆ. ವಿದ್ಯಾರ್ಥಿಗಳು ಅದನ್ನು ಕಂಠಪಾಠ ಮಾಡುತ್ತಾರೆ; ಉತ್ತರಪತ್ರಿಕೆಯಲ್ಲಿ ಬರೆದು ಕೆಳಗೆ ಗೆರೆ ಎಳೆಯುತ್ತಾರೆ; 'ಬುದ್ಧಿವಂತ ಮಾನವ' ಎಂದು ಅದರ ಅರ್ಥವನ್ನೂ ಹೇಳುತ್ತಾರೆ. ಅಲ್ಲಿಗೆ ವಿಷಯವು ಮುಗಿದಂತೆ ತೋರುತ್ತದೆ.

ಆದರೆ ಒಂದು ತಪ್ಪು ಪ್ರಯೋಗವು ಆಗಾಗ್ಗೆ ನಮ್ಮ ಕಿವಿಗೆ ಬೀಳುವುದುಂಟು. ಬಹಳ ಜನರಿದ್ದರೆ 'ಸೇಪಿಯನ್ಸ್', ಒಬ್ಬನೇ ಇದ್ದರೆ 'ಸೇಪಿಯನ್' ಎಂದು ಕೆಲವರು ಹೇಳುತ್ತಾರೆ. ಇಂಗ್ಲಿಷಿನಲ್ಲಿ ಪದದ ಕೊನೆಗೆ 'ಸ್' ಸೇರಿದರೆ ಬಹುವಚನವಾಗುತ್ತದೆ. ಆದುದರಿಂದ ಇಲ್ಲಿಯೂ ಹಾಗೆಯೇ ಇರಬೇಕೆಂಬುದು ಅವರ ಊಹೆ. ಈ ಊಹೆ ಸರಿಯಲ್ಲ. 'ಸೇಪಿಯನ್ಸ್' ಎಂಬುದು ಏಕವಚನ. 'ಸೇಪಿಯನ್' ಎಂಬ ರೂಪ ಲ್ಯಾಟಿನ್ ಭಾಷೆಯಲ್ಲಿ ಇಲ್ಲವೇ ಇಲ್ಲ. ಇದು ಏಕೆ ಹೀಗೆ ಎಂದು ವಿಚಾರಿಸಹೊರಟರೆ ಭಾಷಾಶಾಸ್ತ್ರದ ಒಂದು ಸೊಗಸಾದ ಪ್ರಕರಣವೇ ನಮ್ಮ ಮುಂದೆ ತೆರೆದುಕೊಳ್ಳುತ್ತದೆ. ಆ ಒಂದು ಪದದ ರಚನೆಯನ್ನು ಬಲ್ಲವರಿಗೆ ಸಸ್ಯಗಳ ಮತ್ತು ಪ್ರಾಣಿಗಳ ಅನೇಕ ಹೆಸರುಗಳೂ ಗಣಿತದ ಹಲವು ಪರಿಭಾಷೆಗಳೂ ತಾವಾಗಿಯೇ ಅರ್ಥವಾಗತೊಡಗುತ್ತವೆ. ಇದಕ್ಕೆ ಬೇಕಾದ ವ್ಯಾಕರಣಜ್ಞಾನದ ಬಹುಭಾಗವನ್ನು ಕನ್ನಡದ ವಿದ್ಯಾರ್ಥಿಯು ಪ್ರೌಢಶಾಲೆಯಲ್ಲಿಯೇ ಸಂಪಾದಿಸಿರುತ್ತಾನೆ.

ಕೃದಂತವೆಂದರೇನು?

'ಹಾಡುವ ಹಕ್ಕಿ', 'ಹಾಡಿದ ಹಕ್ಕಿ', 'ಹಾಡದ ಹಕ್ಕಿ' ಎಂಬ ಮೂರು ಮಾತುಗಳನ್ನು ನೋಡೋಣ. 'ಹಾಡು' ಎಂಬುದು ಧಾತು. ಅದಕ್ಕೆ ಪ್ರತ್ಯಯಗಳು ಸೇರಿ 'ಹಾಡುವ', 'ಹಾಡಿದ', 'ಹಾಡದ' ಎಂಬ ರೂಪಗಳಾಗಿವೆ. ಇವುಗಳನ್ನು ನಮ್ಮ ವ್ಯಾಕರಣದಲ್ಲಿ ಕೃದಂತಗಳೆಂದು ಕರೆಯುತ್ತಾರೆ. ಇವು 'ಹಕ್ಕಿ' ಎಂಬ ನಾಮಪದಕ್ಕೆ ವಿಶೇಷಣಗಳಾಗಿ ನಿಂತಿವೆ. ಆದರೂ ಕ್ರಿಯಾಪದದ ಗುಣವು ಇವುಗಳನ್ನು ಬಿಟ್ಟಿಲ್ಲ. 'ಹಣ್ಣನ್ನು ತಿನ್ನುವ ಹಕ್ಕಿ' ಎಂಬಲ್ಲಿ 'ತಿನ್ನುವ' ಎಂಬುದಕ್ಕೆ 'ಹಣ್ಣನ್ನು' ಎಂಬ ಕರ್ಮಪದವಿದೆ. 'ಕೆಂಪು ಹಕ್ಕಿ' ಎಂಬಲ್ಲಿ 'ಕೆಂಪು' ಎಂಬ ವಿಶೇಷಣಕ್ಕೆ ಕರ್ಮಪದವು ಬರಲಾರದು. ಹೀಗೆ ಕೃದಂತವು ಅರ್ಧ ಕ್ರಿಯೆ, ಅರ್ಧ ನಾಮ. ಲ್ಯಾಟಿನ್ ವೈಯಾಕರಣರು ಇದಕ್ಕೆ 'ಪಾರ್ಟಿಕಿಪಿಯುಮ್' ಎಂದು ಹೆಸರಿಟ್ಟರು. 'ಪಾಲುಗಾರಿಕೆಯುಳ್ಳದ್ದು' ಎಂದು ಅದರ ಅರ್ಥ. ನಾಮಪದದ ಧರ್ಮದಲ್ಲಿಯೂ ಕ್ರಿಯಾಪದದ ಧರ್ಮದಲ್ಲಿಯೂ ಅದಕ್ಕೆ ಪಾಲುಂಟೆಂಬುದೇ ಈ ಹೆಸರಿಗೆ ಕಾರಣ. ಇಂಗ್ಲಿಷಿನ 'ಪಾರ್ಟಿಸಿಪಲ್' ಎಂಬ ಪಾರಿಭಾಷಿಕ ಪದವು ಇದರಿಂದಲೇ ಬಂದುದು.

'ಸೇಪಿಯನ್ಸ್' ಇಂತಹ ಒಂದು ಕೃದಂತ. ಶಾಲೆಗಳಲ್ಲಿ ನಾವು ಕೇಳುವ 'ಸೇಪಿಯನ್ಸ್' ಎಂಬ ಉಚ್ಚಾರಣೆ ಇಂಗ್ಲಿಷರ ರೂಢಿ. ಪ್ರಾಚೀನ ರೋಮನರು ಅದನ್ನು 'ಸಪಿಯೇನ್ಸ್' ಎಂದು ಉಚ್ಚರಿಸುತ್ತಿದ್ದರು. ಲ್ಯಾಟಿನ್ ಭಾಷೆಯಲ್ಲಿ ಎ, ಒ ಎಂಬ ಸ್ವರಗಳಿಗೆ ಹ್ರಸ್ವ ದೀರ್ಘಗಳೆರಡೂ ಇವೆ. ಕನ್ನಡ ಲಿಪಿಯಲ್ಲಿಯೂ ಈ ಭೇದವಿರುವುದರಿಂದ ಲ್ಯಾಟಿನ್ ಪದಗಳನ್ನು ನಾವು ಬಹುಮಟ್ಟಿಗೆ ಯಥಾವತ್ತಾಗಿ ಬರೆದುಕೊಳ್ಳಬಹುದು. ಈ ಲೇಖನದಲ್ಲಿ ಮುಂದೆ ರೋಮನರ ಉಚ್ಚಾರಣೆಯನ್ನೇ ಅನುಸರಿಸೋಣ.

ರುಚಿಯಿಂದ ಅರಿವಿಗೆ

'ಸಪಿಯೇನ್ಸ್' ಎಂಬುದರ ಧಾತುರೂಪ 'ಸಪೆರೆ'. ಇದರ ಮೊದಲ ಅರ್ಥ ಅರಿವಿಗೆ ಸಂಬಂಧಿಸಿದ್ದಲ್ಲ, ರುಚಿಗೆ ಸಂಬಂಧಿಸಿದ್ದು. ಒಂದು ಪದಾರ್ಥಕ್ಕೆ ರುಚಿಯಿರುವುದು ಮತ್ತು ನಾಲಗೆಯು ರುಚಿಯನ್ನು ತಿಳಿಯುವುದು, ಈ ಎರಡನ್ನೂ ರೋಮನರು ಇದೇ ಧಾತುವಿನಿಂದ ಹೇಳುತ್ತಿದ್ದರು. 'ಸಪೋರ್' ಎಂದರೆ ರುಚಿ. ಇಂಗ್ಲಿಷಿನಲ್ಲಿ ಸವಿಯನ್ನು ಹೇಳುವ 'ಸೇವರ್', ಸಪ್ಪೆಯಾದುದನ್ನು ಹೇಳುವ 'ಇನ್ಸಿಪಿಡ್' ಎಂಬ ಪದಗಳು ಈ ಕುಲಕ್ಕೆ ಸೇರಿದವು. ಉಪ್ಪನ್ನೂ ಹುಳಿಯನ್ನೂ ಬೇರ್ಪಡಿಸಿ ತಿಳಿಯುವ ನಾಲಗೆಯಂತೆ ಒಳ್ಳೆಯದನ್ನೂ ಕೆಟ್ಟುದನ್ನೂ ಬೇರ್ಪಡಿಸಿ ತಿಳಿಯುವ ಮನಸ್ಸಿಗೂ ಕ್ರಮೇಣ ಅದೇ ಕ್ರಿಯಾಪದವು ಅನ್ವಯಿಸಿತು. ಲ್ಯಾಟಿನಿನಿಂದ ಹುಟ್ಟಿದ ಫ್ರೆಂಚಿನಲ್ಲಿ 'ಸವ್ವಾರ್' ಎಂದರೆ ತಿಳಿ. ಸ್ಪ್ಯಾನಿಷಿನಲ್ಲಿ 'ಸಬೇರ್' ಎಂಬುದಕ್ಕೆ ತಿಳಿ ಎಂಬ ಅರ್ಥದೊಡನೆ ರುಚಿಯಿರು ಎಂಬ ಅರ್ಥವೂ ಇಂದಿಗೂ ಉಳಿದಿದೆ.

ನಮ್ಮವರಿಗೆ ಈ ಅರ್ಥವಿಕಾಸವು ವಿಚಿತ್ರವೆನಿಸಲಾರದು. ನಾಲಗೆಗೆ ತಿಳಿಯುವುದೂ ರಸ, ಕಾವ್ಯದಲ್ಲಿ ಸಹೃದಯನು ಕಾಣುವುದೂ ರಸ. ರಸವನ್ನು ಬಲ್ಲವನು ರಸಜ್ಞ. 'ಸಪೆರೆ' ಎಂಬುದೂ ಇಂತಹ ವಿವೇಚನೆಯುಳ್ಳ ಅರಿವು. ಪುಸ್ತಕದ ವಿಷಯಗಳನ್ನು ತಲೆಯಲ್ಲಿ ತುಂಬಿಕೊಂಡಿರುವುದಕ್ಕೆ ಲ್ಯಾಟಿನಿನಲ್ಲಿ 'ಸ್ಕೀರೆ' ಎಂಬ ಬೇರೆಯ ಧಾತುವಿದೆ. 'ಸೈನ್ಸ್' ಎಂಬ ಪದವು ಅದರ ಕೃದಂತವಾದ 'ಸ್ಕಿಯೇನ್ಸ್' ಎಂಬುದರಿಂದ ಬಂದುದು.

ಕನ್ನಡದಲ್ಲಿ 'ಸಪಿಯೇನ್ಸ್' ಎಂಬುದಕ್ಕೆ ಸರಿಯಾಗಿ ಹೊಂದುವ ಪದ ಯಾವುದು? 'ಬುದ್ಧಿವಂತ' ಎಂಬುದು ಭಾವವನ್ನು ಹೇಳುತ್ತದೆ. ಆದರೆ ಅದು ಕೃದಂತವಲ್ಲ. 'ಬಲ್ಲ' ಎಂಬ ನಮ್ಮ ಹಳೆಯ ಪದವಾದರೆ ಅರ್ಥದಲ್ಲಿಯೂ ವ್ಯಾಕರಣದಲ್ಲಿಯೂ ಹೊಂದುತ್ತದೆ. ಅದು ಅರಿವನ್ನು ಹೇಳುವ ಧಾತುವಿನಿಂದಾದ ಕೃದಂತ. 'ಬಲ್ಲ ಮನುಷ್ಯ' ಎಂದು ವಿಶೇಷಣವಾಗಿಯೂ, 'ಬಲ್ಲವನು', 'ಬಲ್ಲವರು' ಎಂದು ನಾಮವಾಗಿಯೂ ಅದನ್ನು ನಾವು ಬಳಸುತ್ತೇವೆ. ಆದುದರಿಂದ 'ಹೊಮೋ ಸಪಿಯೇನ್ಸ್' ಎಂದರೆ ಬಲ್ಲ ಮನುಷ್ಯ.

ವಿಭಕ್ತಿರೂಪಗಳು

ಕನ್ನಡದಲ್ಲಿ 'ಬಲ್ಲ' ಎಂಬ ವಿಶೇಷಣವು ಎಲ್ಲಿಯೂ ರೂಪ ಬದಲಿಸುವುದಿಲ್ಲ. ಬಲ್ಲ ಮನುಷ್ಯನನ್ನು, ಬಲ್ಲ ಮನುಷ್ಯರಿಗೆ ಎನ್ನುವಾಗ ವಿಭಕ್ತಿಪ್ರತ್ಯಯವನ್ನು ಹೊರುವುದು 'ಮನುಷ್ಯ' ಎಂಬ ಪದವೊಂದೇ. ಲ್ಯಾಟಿನಿನಲ್ಲಿ ಹಾಗಲ್ಲ. ಅಲ್ಲಿ, ಸಂಸ್ಕೃತದಲ್ಲಿರುವಂತೆ, ವಿಶೇಷ್ಯಕ್ಕೆ ಯಾವ ವಿಭಕ್ತಿ, ಯಾವ ವಚನವೋ ವಿಶೇಷಣಕ್ಕೂ ಅದೇ ವಿಭಕ್ತಿ, ಅದೇ ವಚನ. ಆದುದರಿಂದ ಕೃದಂತವೂ ನಾಮಪದದಂತೆ ಎಲ್ಲ ವಿಭಕ್ತಿಗಳಲ್ಲಿ ನಡೆಯಬೇಕು. ಅದರ ಪಟ್ಟಿಯನ್ನು ಕೆಳಗೆ ಕೊಟ್ಟಿದ್ದೇವೆ.

ಏಕವಚನ
ಪ್ರಥಮಾ: ಸಪಿಯೇನ್ಸ್ (ಬಲ್ಲವನು)
ದ್ವಿತೀಯಾ: ಸಪಿಯೆಂಟೆಮ್ (ಬಲ್ಲವನನ್ನು)
ಚತುರ್ಥೀ: ಸಪಿಯೆಂಟೀ (ಬಲ್ಲವನಿಗೆ)
ಪಂಚಮೀ: ಸಪಿಯೆಂಟೆ ಅಥವಾ ಸಪಿಯೆಂಟೀ (ಬಲ್ಲವನಿಂದ)
ಷಷ್ಠೀ: ಸಪಿಯೆಂಟಿಸ್ (ಬಲ್ಲವನ)

ಬಹುವಚನ
ಪ್ರಥಮಾ: ಸಪಿಯೆಂಟೇಸ್ (ಬಲ್ಲವರು)
ದ್ವಿತೀಯಾ: ಸಪಿಯೆಂಟೇಸ್ (ಬಲ್ಲವರನ್ನು)
ಚತುರ್ಥೀ: ಸಪಿಯೆಂಟಿಬುಸ್ (ಬಲ್ಲವರಿಗೆ)
ಪಂಚಮೀ: ಸಪಿಯೆಂಟಿಬುಸ್ (ಬಲ್ಲವರಿಂದ)
ಷಷ್ಠೀ: ಸಪಿಯೆಂಟಿಯುಮ್ (ಬಲ್ಲವರ)

ಸಂಬೋಧನೆಯ ರೂಪವು ಪ್ರಥಮಾವಿಭಕ್ತಿಯಂತೆಯೇ ಇರುತ್ತದೆ. ತೃತೀಯಾ ವಿಭಕ್ತಿಗೆ ಲ್ಯಾಟಿನಿನಲ್ಲಿ ಪ್ರತ್ಯೇಕ ರೂಪವಿಲ್ಲ. ಸಪ್ತಮಿಯ ರೂಪವು ಊರಿನ ಹೆಸರುಗಳಂತಹ ಕೆಲವೇ ಪದಗಳಲ್ಲಿ ಉಳಿದಿದೆ. ಅವೆರಡರ ಕೆಲಸವನ್ನೂ ಪಂಚಮಿಯೇ ವಹಿಸಿಕೊಂಡಿದೆ.

ಈ ಪಟ್ಟಿಯನ್ನು ಒಮ್ಮೆ ಮೇಲಿನಿಂದ ಕೆಳಗೆ ಓದಿದರೆ ಒಂದು ಸಂಗತಿಯು ಸ್ಪಷ್ಟವಾಗುತ್ತದೆ. ಮೊದಲನೆಯ ರೂಪವೊಂದನ್ನು ಬಿಟ್ಟು ಉಳಿದೆಲ್ಲ ಕಡೆಗಳಲ್ಲಿಯೂ 'ಟ'ಕಾರವಿದೆ. ಪದದ ನಿಜವಾದ ಪ್ರಕೃತಿ 'ಸಪಿಯೆಂಟ್' ಎಂಬುದು. ಇದಕ್ಕೆ ಪ್ರಥಮಾ ಏಕವಚನದ 'ಸ್' ಪ್ರತ್ಯಯವು ಸೇರಿದಾಗ 'ನ್', 'ಟ್', 'ಸ್' ಎಂಬ ಮೂರು ವ್ಯಂಜನಗಳು ಒಂದೆಡೆ ಕೂಡುತ್ತವೆ. ನಡುವಿನ 'ಟ್' ಲೋಪವಾಗುತ್ತದೆ; ಅದರ ಹಿಂದಿನ ಸ್ವರವು ದೀರ್ಘವಾಗುತ್ತದೆ. ಹೀಗೆ 'ಸಪಿಯೇನ್ಸ್' ಎಂಬ ರೂಪವು ಸಿದ್ಧಿಸುತ್ತದೆ. ಆದುದರಿಂದ ಕೊನೆಯ 'ಸ್' ಏಕವಚನದ ಗುರುತು. ಅದನ್ನು ಕಿತ್ತುಹಾಕಿದರೆ ಏಕವಚನವು ಹುಟ್ಟುವುದಿಲ್ಲ, ಪದವೇ ಮುರಿಯುತ್ತದೆ. ಅನೇಕರನ್ನು ಲ್ಯಾಟಿನಿನಲ್ಲಿ ಹೇಳಬೇಕಾದರೆ 'ಹೊಮಿನೇಸ್ ಸಪಿಯೆಂಟೇಸ್' ಎನ್ನಬೇಕು. ಆದರೆ ಜಾತಿಯ ವೈಜ್ಞಾನಿಕ ಹೆಸರಿನಲ್ಲಿ ಇದಕ್ಕೆ ಎಡೆಯಿಲ್ಲ. ಜಾತಿಯು ಒಂದೇ ಆದುದರಿಂದ ಹೆಸರೂ ಏಕವಚನದಲ್ಲಿಯೇ ಇರುತ್ತದೆ. ವಿಶೇಷಣವಾಗಲಿ ಕೃದಂತವಾಗಲಿ ಪ್ರಾಣಿಜಾತಿಯ ಹೆಸರಾಗಿ ಬಂದಾಗ ಪ್ರಥಮಾ ಏಕವಚನದಲ್ಲಿರಬೇಕೆಂದು ಪ್ರಾಣಿನಾಮಕರಣದ ಅಂತರರಾಷ್ಟ್ರೀಯ ಸಂಹಿತೆಯು ವಿಧಿಸುತ್ತದೆ.

ಪಂಚಮೀ ಏಕವಚನಕ್ಕೆ ಎರಡು ರೂಪಗಳೇಕೆ? ಪದವು ಕೇವಲ ಗುಣವಾಚಕವಾಗಿ 'ವಿವೇಕಿಯಾದ ಪುರುಷನಿಂದ' ಎಂಬಂತೆ ನಿಂತಾಗ 'ಸಪಿಯೆಂಟೀ' ಎಂಬ ರೂಪವು ಬರುತ್ತದೆ. ಕ್ರಿಯಾರ್ಥವು ಜೀವಂತವಾಗಿರುವಾಗ, ಅಥವಾ 'ಬಲ್ಲವನಿಂದ' ಎಂದು ಪದವು ತಾನೇ ನಾಮವಾಗಿ ನಿಂತಾಗ, 'ಸಪಿಯೆಂಟೆ' ಎಂಬ ರೂಪವು ಬರುತ್ತದೆ. ಪದವು ಅರ್ಧ ಕ್ರಿಯೆ, ಅರ್ಧ ನಾಮವೆಂದು ನಾವು ಮೊದಲು ಹೇಳಿದ ಮಾತಿಗೆ ಒಂದು ಸ್ವರದ ಹ್ರಸ್ವ ದೀರ್ಘಗಳೂ ಸಾಕ್ಷ್ಯ ನುಡಿಯುತ್ತವೆ.

'ಸಪಿಯೆಂಟಿಬುಸ್' ಎಂಬಲ್ಲಿರುವ 'ಇಬುಸ್' ಎಂಬ ಪ್ರತ್ಯಯವನ್ನೂ ಗಮನಿಸಬೇಕು. 'ಎಲ್ಲರಿಗೆ' ಎಂಬುದಕ್ಕೆ ಲ್ಯಾಟಿನಿನಲ್ಲಿ 'ಓಮ್ನಿಬುಸ್' ಎನ್ನುತ್ತಾರೆ. ಎಲ್ಲರಿಗಾಗಿ ಓಡುವ ಬಾಡಿಗೆ ವಾಹನಕ್ಕೆ ಹತ್ತೊಂಬತ್ತನೆಯ ಶತಮಾನದಲ್ಲಿ ಈ ಹೆಸರು ಬಂದಿತು. ಜನರು ಅದನ್ನು ಮೊಟಕುಮಾಡಿದರು. ನಾವು ದಿನವೂ ಹತ್ತಿ ಇಳಿಯುವ 'ಬಸ್ಸು' ಲ್ಯಾಟಿನಿನ ಚತುರ್ಥೀ ಬಹುವಚನದ ಒಂದು ತುಂಡು!

ಮೂರು ಲಿಂಗಗಳಿಗೂ ಒಂದೇ ರೂಪ

ಲ್ಯಾಟಿನಿನ ಸಾಮಾನ್ಯ ವಿಶೇಷಣಗಳು ಲಿಂಗಾನುಸಾರವಾಗಿ ಬದಲಾಗುತ್ತವೆ. ಇದಕ್ಕೆ ಸಸ್ಯಶಾಸ್ತ್ರದ ಪುಸ್ತಕದಲ್ಲಿಯೇ ನಿದರ್ಶನವಿದೆ. ಬಿತ್ತಿ ಬೆಳೆಯುವ ಗಿಡಗಳಿಗೆ ಲಿನೀಯಸ್ ಉಪಯೋಗಿಸಿದ ವಿಶೇಷಣವು ಮೂಲಂಗಿಯಲ್ಲಿ 'ರಫನುಸ್ ಸಟೀವುಸ್', ಬತ್ತದಲ್ಲಿ 'ಒರೀಜ ಸಟೀವ', ಬಟಾಣಿಯಲ್ಲಿ 'ಪೀಸುಮ್ ಸಟೀವುಮ್' ಎಂದು ಕ್ರಮವಾಗಿ ಪುಲ್ಲಿಂಗ, ಸ್ತ್ರೀಲಿಂಗ, ನಪುಂಸಕಲಿಂಗಗಳನ್ನು ತಾಳುತ್ತದೆ. ವರ್ತಮಾನ ಕೃದಂತವಾದರೆ ಪ್ರಥಮಾ ಏಕವಚನದಲ್ಲಿ ಹೀಗೆ ಬದಲಾಗುವುದಿಲ್ಲ. 'ತೆವಳುವ' ಎಂಬರ್ಥದ 'ರೇಪೇನ್ಸ್' ಎಂಬುದು ಪುಲ್ಲಿಂಗದ 'ರಾನುಂಕುಲುಸ್ ರೇಪೇನ್ಸ್', ಸ್ತ್ರೀಲಿಂಗದ 'ಎಪಿಗೇಯ ರೇಪೇನ್ಸ್', ನಪುಂಸಕದ 'ಟ್ರಿಫೋಲಿಯುಮ್ ರೇಪೇನ್ಸ್' ಎಂಬ ಮೂರು ಸಸ್ಯಗಳಲ್ಲಿಯೂ ಒಂದೇ ಆಗಿದೆ. ಮೂರೂ ನೆಲದ ಮೇಲೆ ಹಬ್ಬುವ ಗಿಡಗಳು. ಕೊನೆಯದು ಬಿಳಿಯ ಕ್ಲೋವರ್ ಎಂಬ ಮೇವಿನ ಗಿಡ.

ಪುಲ್ಲಿಂಗ ಸ್ತ್ರೀಲಿಂಗಗಳ ಭೇದವು ಉಳಿದ ವಿಭಕ್ತಿಗಳಲ್ಲಿಯೂ ಇಲ್ಲ. ನಪುಂಸಕವು ಮಾತ್ರ ಸ್ವಲ್ಪ ಬೇರೆಯಾಗುತ್ತದೆ. ಅದರ ದ್ವಿತೀಯಾ ಏಕವಚನವು 'ಸಪಿಯೇನ್ಸ್' ಎಂದೇ ಉಳಿಯುತ್ತದೆ. ಬಹುವಚನದಲ್ಲಿ ಪ್ರಥಮಾ ದ್ವಿತೀಯಾಗಳೆರಡೂ 'ಸಪಿಯೆಂಟಿಯ' ಎಂದಾಗುತ್ತವೆ. 'ವಿವೇಕ' ಎಂಬರ್ಥದ ಸ್ತ್ರೀಲಿಂಗ ನಾಮವೂ 'ಸಪಿಯೆಂಟಿಯ' ಎಂದೇ ಇದೆ. ಅದೂ ಇದೇ ಪ್ರಕೃತಿಯಿಂದ ಹುಟ್ಟಿದುದು.

ಇನ್ನೊಂದು ಭ್ರಾಂತಿಯನ್ನು ಇಲ್ಲಿಯೇ ನಿವಾರಿಸಬಹುದು. 'ಹೊಮೋ' ಎಂದರೆ ಗಂಡಸು ಎಂದು ಕೆಲವರು ಭಾವಿಸುವುದುಂಟು. ಗಂಡಸಿಗೆ ಲ್ಯಾಟಿನಿನಲ್ಲಿ 'ವಿರ್' ಎಂಬ ಪದ ಬೇರೆಯೇ ಇದೆ. 'ಹೊಮೋ' ಎಂಬುದು ವ್ಯಾಕರಣದಲ್ಲಿ ಪುಲ್ಲಿಂಗವಾದರೂ ಅರ್ಥದಲ್ಲಿ ಮನುಷ್ಯಮಾತ್ರಕ್ಕೆ ಸಲ್ಲುತ್ತದೆ. 'ಸಪಿಯೇನ್ಸ್' ಎಂಬುದಕ್ಕಂತೂ ಬಲ್ಲವನು, ಬಲ್ಲವಳು ಎಂಬ ಭೇದವೇ ಇಲ್ಲ.

ಹೆಸರಿನಲ್ಲಿ ಅಡಗಿದ ಕ್ರಿಯೆ

ಲ್ಯಾಟಿನ್ ಧಾತುಗಳನ್ನು ನಾಲ್ಕು ಗಣಗಳಾಗಿ ವಿಂಗಡಿಸುತ್ತಾರೆ. ಮೊದಲನೆಯ ಗಣದ ವರ್ತಮಾನ ಕೃದಂತವು 'ಆನ್ಸ್' ಎಂದೂ, ಎರಡನೆಯ ಮತ್ತು ಮೂರನೆಯ ಗಣಗಳದು 'ಏನ್ಸ್' ಎಂದೂ, ನಾಲ್ಕನೆಯ ಗಣದ್ದು 'ಇಯೇನ್ಸ್' ಎಂದೂ ಕೊನೆಗೊಳ್ಳುತ್ತದೆ. ಮೂರನೆಯ ಗಣದಲ್ಲಿಯೇ 'ಇ'ಕಾರವುಳ್ಳ ಕೆಲವು ಧಾತುಗಳಿವೆ. 'ಸಪೆರೆ' ಅವುಗಳಲ್ಲೊಂದಾದುದರಿಂದ 'ಸಪಿಯೇನ್ಸ್' ಎಂದಾಯಿತು. ಇಷ್ಟನ್ನು ತಿಳಿದವರು ಜೀವಿಗಳ ಹೆಸರುಗಳಲ್ಲಿ ಅಡಗಿರುವ ಕ್ರಿಯೆಗಳನ್ನು ಗುರುತಿಸಬಲ್ಲರು.

ಆಗ್ನೇಯ ಏಷ್ಯದ ಹಾರುವ ಓತಿಗೆ 'ಡ್ರಾಕೋ ವೊಲಾನ್ಸ್' ಎಂದು ಹೆಸರು. 'ವೊಲಾನ್ಸ್' ಎಂದರೆ ಹಾರುವ. ನಮ್ಮ ಪಶ್ಚಿಮಘಟ್ಟಗಳ ಹಾರುವ ಓತಿಯು ಅದರ ದಾಯಾದಿ. ಆದರೆ ಅದರ ಹೆಸರಿನ ಎರಡನೆಯ ಭಾಗವು ಕೃದಂತವಲ್ಲ. ದ್ಯುಸ್ಸುಮ್ಯೇ ಎಂಬ ಫ್ರೆಂಚ್ ವರ್ತಕ ಹಾಗೂ ಸಂಗ್ರಾಹಕನ ಹೆಸರಿನ ಷಷ್ಠೀವಿಭಕ್ತಿಯ ರೂಪ. ಹಿಮಾಲಯದ ಕೆಂಪು ಪಾಂಡಾ 'ಐಲುರುಸ್ ಫುಲ್ಗೇನ್ಸ್', ಅಂದರೆ ಹೊಳೆಯುವ ಪ್ರಾಣಿ. ಕ್ಯಾಲಿಫೋರ್ನಿಯದ ಕರಾವಳಿಯಲ್ಲಿ 115 ಮೀಟರಿಗೂ ಮೀರಿ ಬೆಳೆದಿರುವ ಮಹಾವೃಕ್ಷದ ಹೆಸರು 'ಸೆಕ್ವೋಯ ಸೆಂಪೆರ್‌ವಿರೇನ್ಸ್'. ಸದಾ ಹಸಿರಾಗಿರುವ ಎಂದು ಅರ್ಥ.

ನಮ್ಮ ಮನೆಯಂಗಳಗಳಲ್ಲಿ ಬೆಳೆಯುವ ಗೌರಿಹೂವಿನ ಕುಲಕ್ಕೆ 'ಇಂಪಟಿಯೇನ್ಸ್' ಎಂದು ಹೆಸರು. ಪಶ್ಚಿಮಘಟ್ಟಗಳಲ್ಲಿ ಮಳೆಗಾಲದಲ್ಲಿ ಈ ಕುಲದ ಹಲವು ಜಾತಿಗಳು ಅರಳುತ್ತವೆ. 'ಪಟಿಯೇನ್ಸ್' ಎಂದರೆ ಸಹಿಸುವ. ನಿಷೇಧಾರ್ಥದ ಉಪಸರ್ಗವು ಸೇರಿ 'ಇಂಪಟಿಯೇನ್ಸ್', ಅಂದರೆ ಸಹಿಸದ ಎಂದಾಯಿತು. ಬಲಿತ ಕಾಯಿಯನ್ನು ಬೆರಳಿನಿಂದ ಮುಟ್ಟಿದರೆ ಸಾಕು, ಅದು ಸಿಡಿದು ಬೀಜಗಳನ್ನು ಎರಚುತ್ತದೆ. ಮುಟ್ಟುವುದನ್ನು ಸಹಿಸದ ಗಿಡವೆಂಬ ಹೆಸರು ಅದಕ್ಕೆ ಎಷ್ಟು ಚೆನ್ನಾಗಿ ಒಪ್ಪುತ್ತದೆ! ಸಹಿಸುವ, ನರಳುವ ಎಂಬರ್ಥದ ಅದೇ 'ಪಟಿಯೇನ್ಸ್' ಎಂಬುದರ 'ಪಟಿಯೆಂಟ್' ಎಂಬ ಪ್ರಕೃತಿಯಿಂದ ಆಸ್ಪತ್ರೆಯ 'ಪೇಷೆಂಟ್' ಎಂಬ ಪದವು ಬಂದಿತು.

ಸಂಸ್ಕೃತದೊಡನೆ ನೆಂಟಸ್ತನ

ಸಂಸ್ಕೃತವನ್ನು ಓದಿರುವ ವಿದ್ಯಾರ್ಥಿಗಳಿಗೆ ಈ ರೂಪಗಳು ಈಗಾಗಲೇ ಏನನ್ನೋ ನೆನಪಿಗೆ ತಂದಿರಬಹುದು. ಹೊರು ಎಂಬರ್ಥದ 'ಭೃ' ಧಾತುವಿಗೆ ಶತೃಪ್ರತ್ಯಯವು ಸೇರಿದರೆ ಪ್ರಥಮೆಯಲ್ಲಿ 'ಭರನ್', ದ್ವಿತೀಯೆಯಲ್ಲಿ 'ಭರಂತಮ್' ಎಂದಾಗುತ್ತದೆ. ಅದೇ ಅರ್ಥದ ಲ್ಯಾಟಿನ್ ಧಾತುವಿನಿಂದ 'ಫೆರೇನ್ಸ್', 'ಫೆರೆಂಟೆಮ್' ಎಂಬ ರೂಪಗಳೂ, ಗ್ರೀಕಿನಲ್ಲಿ 'ಫೆರೋನ್', 'ಫೆರೊಂಟ' ಎಂಬ ರೂಪಗಳೂ ಆಗುತ್ತವೆ. ಮೂರು ಭಾಷೆಗಳಲ್ಲಿಯೂ ಪ್ರಥಮೆಯಲ್ಲಿ 'ತ'ಕಾರವು ಲೋಪವಾಗಿದೆ, ದ್ವಿತೀಯೆಯಲ್ಲಿ ಪ್ರಕಟವಾಗಿದೆ. ಹೊಂದಿಕೆಯು ಇಷ್ಟು ಸೂಕ್ಷ್ಮವಾಗಿರುವುದು ಆಕಸ್ಮಿಕವಾಗಿರಲಾರದು. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಒಂದೇ ಮೂಲದಿಂದ ಬಂದಿರಬೇಕೆಂದು ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ ಮಾಡಿದ ಭಾಷಣದಲ್ಲಿ ಹೇಳಿದನು. ಜರ್ಮನಿಯ ಫ್ರಾಂಟ್ಸ್ ಬಾಪ್ 1816ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಭಾಷೆಗಳ ಕ್ರಿಯಾರೂಪಗಳನ್ನು ಕ್ರಮಬದ್ಧವಾಗಿ ತುಲನೆಮಾಡಿದನು. ತೌಲನಿಕ ಭಾಷಾಶಾಸ್ತ್ರವು ಬೆಳೆದುದು ಇಂತಹ ಸಾಮ್ಯಗಳ ಮೇಲೆ.

ಎರಡು ಭಾಷೆಗಳಿಗೂ ವ್ಯತ್ಯಾಸಗಳಿಲ್ಲದೆ ಇಲ್ಲ. ಸಂಸ್ಕೃತದಲ್ಲಿ 'ಭರಂತೀ' ಎಂಬ ಪ್ರತ್ಯೇಕ ಸ್ತ್ರೀಲಿಂಗವಿದೆ. ಷಷ್ಠಿಯಲ್ಲಿ 'ಭರತಃ' ಎಂದು 'ನ'ಕಾರವು ಬಿಟ್ಟುಹೋಗುತ್ತದೆ. ಲ್ಯಾಟಿನಿನಲ್ಲಿ 'ಫೆರೆಂಟಿಸ್' ಎಂದು 'ನ'ಕಾರವು ಉಳಿಯುತ್ತದೆ.

ಕನ್ನಡವು ಈ ಕುಟುಂಬಕ್ಕೆ ಸೇರಿದುದಲ್ಲ; 'ಬಲ್ಲ', 'ಹಾರುವ' ಎಂಬ ನಮ್ಮ ಕೃದಂತಗಳು ದ್ರಾವಿಡ ಮೂಲದವು. ಆದರೆ ಸಂಸ್ಕೃತದಿಂದ ಬಂದ ಪದಗಳ ಮೂಲಕ ಆ ಹಳೆಯ ಪ್ರತ್ಯಯವು ನಮ್ಮ ಮಾತಿನಲ್ಲಿಯೂ ಸೇರಿಕೊಂಡಿದೆ. 'ಜೀವಂತ' ಎಂಬುದು ಬದುಕುತ್ತಿರುವ ಎಂಬರ್ಥದ ಶತೃರೂಪದಿಂದ ಬಂದುದು. 'ಸಂತ' ಎಂಬುದು 'ಇರು' ಎಂಬರ್ಥದ 'ಅಸ್' ಧಾತುವಿನ ಶತೃರೂಪದಿಂದ ಬಂದುದು. ಈ ಧಾತುವಿನ ಲ್ಯಾಟಿನ್ ಕೃದಂತವು 'ಪ್ರೈಸೇನ್ಸ್', 'ಆಬ್‌ಸೇನ್ಸ್' ಎಂಬ ಸಮಾಸಗಳಲ್ಲಿದೆ. ಮೊದಲನೆಯದು ಎದುರಿಗೆ ಇರುವ, ಎರಡನೆಯದು ದೂರವಿರುವ ಎಂಬರ್ಥವುಳ್ಳದ್ದು. ಇವುಗಳ ಪ್ರಕೃತಿಗಳೇ ಇಂಗ್ಲಿಷಿನ 'ಪ್ರೆಸೆಂಟ್', 'ಆಬ್ಸೆಂಟ್'. ತರಗತಿಯಲ್ಲಿ ಹಾಜರಿ ಕರೆದಾಗ 'ಪ್ರೆಸೆಂಟ್ ಸಾರ್' ಎನ್ನುವ ವಿದ್ಯಾರ್ಥಿಯು ತನಗೆ ತಿಳಿಯದೆಯೇ ಲ್ಯಾಟಿನ್ ಕೃದಂತವೊಂದನ್ನು ಉಚ್ಚರಿಸುತ್ತಾನೆ. ಅದರ ಕೊನೆಯ ಭಾಗವು ನಮ್ಮ 'ಸಂತ' ಎಂಬ ಪದದ ಸೋದರ. ಆದರೆ 'ಸಂತ' ಎಂಬುದನ್ನು ಇಂಗ್ಲಿಷಿನ 'ಸೇಂಟ್' ಎಂಬುದರೊಡನೆ ಗಂಟುಹಾಕಬಾರದು. 'ಸೇಂಟ್' ಬಂದುದು 'ಪವಿತ್ರಗೊಳಿಸಲ್ಪಟ್ಟ' ಎಂಬರ್ಥದ 'ಸಾಂಕ್ಟುಸ್' ಎಂಬ ಬೇರೆಯ ಪದದಿಂದ.

ಗಣಿತದ ಪುಸ್ತಕದಲ್ಲಿ

ತ್ರಿಕೋಣಮಿತಿಯನ್ನು ಓದುವವರಿಗೆ 'ಟ್ಯಾಂಜೆಂಟ್', 'ಸೀಕೆಂಟ್' ಎಂಬ ಪದಗಳು ಚಿರಪರಿಚಿತ. ಡೆನ್ಮಾರ್ಕಿನ ಗಣಿತಜ್ಞ ಥೋಮಸ್ ಫಿಂಕೆ 1583ರಲ್ಲಿ ಪ್ರಕಟಿಸಿದ ಲ್ಯಾಟಿನ್ ಗ್ರಂಥದಲ್ಲಿ ಈ ಹೆಸರುಗಳನ್ನು ಪ್ರಯೋಗಿಸಿದನು. 'ಟಾಂಗೇನ್ಸ್' ಎಂದರೆ ಮುಟ್ಟುವ ರೇಖೆ. 'ಸೆಕಾನ್ಸ್' ಎಂದರೆ ಕತ್ತರಿಸುವ ರೇಖೆ. ಕನ್ನಡದಲ್ಲಿ ಇವುಗಳಿಗೆ ಸ್ಪರ್ಶಕ, ಛೇದಕ ಎಂಬ ಪದಗಳು ಸಲ್ಲುತ್ತವೆ. ಇಂಗ್ಲಿಷ್ ಕಾಗುಣಿತದಲ್ಲಿ ಒಂದು ಪದದ ಕೊನೆಯಲ್ಲಿ 'ಇ' ಅಕ್ಷರವೂ ಇನ್ನೊಂದರ ಕೊನೆಯಲ್ಲಿ 'ಎ' ಅಕ್ಷರವೂ ಏಕಿವೆ ಎಂಬ ಪ್ರಶ್ನೆಗೂ ಈಗ ಉತ್ತರ ಸಿಕ್ಕಿತು. ಮುಟ್ಟು ಎಂಬ ಧಾತು ಮೂರನೆಯ ಗಣದ್ದು. ಕತ್ತರಿಸು ಎಂಬುದು ಮೊದಲನೆಯ ಗಣದ್ದು. ಆದರೆ ಈ ನಿಯಮವನ್ನು ಎಲ್ಲ ಪದಗಳಿಗೂ ಅನ್ವಯಿಸಲಾಗದು. ಫ್ರೆಂಚ್ ಭಾಷೆಯು ಎಲ್ಲ ಗಣಗಳ ವರ್ತಮಾನ ಕೃದಂತಗಳಿಗೂ ಒಂದೇ ಅಂತ್ಯವನ್ನು ಕೊಟ್ಟಿತು. ಅದರ ಮೂಲಕ ಇಂಗ್ಲಿಷಿಗೆ ಬಂದ ಪದಗಳಲ್ಲಿ ಹಳೆಯ ಭೇದವು ಕಲಸಿಹೋಗಿದೆ.

ಮೋಸಗೊಳಿಸುವ ರೂಪವೂ ಒಂದುಂಟು. ಭಾಗಲಬ್ಧಕ್ಕೆ ಇಂಗ್ಲಿಷಿನಲ್ಲಿ 'ಕೋಷೆಂಟ್' ಎನ್ನುತ್ತಾರೆ. ನೋಟಕ್ಕೆ ಇದೂ ಕೃದಂತದಂತೆಯೇ ಇದೆ. ವಾಸ್ತವವಾಗಿ ಅದರ ಮೂಲ 'ಕ್ವೊಟಿಯೇನ್ಸ್', ಅಂದರೆ 'ಎಷ್ಟು ಸಲ' ಎಂಬ ಅವ್ಯಯ. ಅದಕ್ಕೆ ವಿಭಕ್ತಿಯೇ ಇಲ್ಲ. ಅದರ ಕೊನೆಯನ್ನು ಕಂಡು ಮಧ್ಯಯುಗದವರು ಅದನ್ನು ಕೃದಂತದಂತೆ ನಡೆಯಿಸಿದರು. 'ಸೇಪಿಯನ್' ಎಂಬ ಇಂದಿನ ತಪ್ಪಿಗೆ ಇದು ಹಿರಿಯಣ್ಣ.

ಆದುದು, ಆಗುತ್ತಿರುವುದು, ಆಗತಕ್ಕದ್ದು

ಲ್ಯಾಟಿನಿನಲ್ಲಿ ವರ್ತಮಾನ ಕೃದಂತವಲ್ಲದೆ ಬೇರೆ ಕೃದಂತಗಳೂ ಇವೆ. ಮುಗಿದ ಕ್ರಿಯೆಯನ್ನು ಹೇಳುವುದು ಭೂತಕೃದಂತ. 'ಡಟುಮ್' ಎಂದರೆ ಕೊಡಲ್ಪಟ್ಟದ್ದು. ಅದರ ಬಹುವಚನ 'ಡಟ', ಇಂದಿನ ಗಣಕಯಂತ್ರದ 'ಡೇಟಾ'. ನಮ್ಮವರು ಇದಕ್ಕೆ 'ದತ್ತಾಂಶ' ಎಂದು ಹೆಸರಿಟ್ಟರು. 'ದತ್ತ' ಎಂಬುದೂ ಅದೇ ಅರ್ಥದ ಭೂತಕೃದಂತ; ಧಾತುವೂ ಮೂಲತಃ ಒಂದೇ. ಮುಂದೆ ಆಗತಕ್ಕುದನ್ನು ಹೇಳುವ ವಿಧ್ಯರ್ಥ ಕೃದಂತವು ಇನ್ನೊಂದು. 'ಡೀವಿಡೆಂಡುಸ್' ಎಂದರೆ ಭಾಗಿಸತಕ್ಕ ಸಂಖ್ಯೆ, ಇಂಗ್ಲಿಷಿನ 'ಡಿವಿಡೆಂಡ್'. ಅಂಕಗಣಿತದಲ್ಲಿ ನಾವು ಹೇಳುವ ಭಾಜ್ಯ, ಗುಣ್ಯ ಎಂಬ ಪದಗಳು ಸಂಸ್ಕೃತದ ಇದೇ ಬಗೆಯ ಕೃದಂತಗಳು. ಸಭೆಗಳಲ್ಲಿ ಓದುವ 'ಅಜೆಂಡಾ' ಎಂಬುದರ ಅರ್ಥ ಮಾಡತಕ್ಕವುಗಳು ಎಂದು.

ಮಾನವನ ವಂಶಾವಳಿಯಲ್ಲಿಯೇ ಭೂತಕೃದಂತವನ್ನು ಹೊತ್ತ ಹೆಸರೊಂದಿದೆ. ಯೂಜೀನ್ ದ್ಯುಬ್ವಾ 1891ರಲ್ಲಿ ಜಾವಾ ದ್ವೀಪದಲ್ಲಿ ಕಂಡ ಅಸ್ಥಿಗಳಿಗೆ ಅವನು 1894ರಲ್ಲಿ ಇಟ್ಟ ಹೆಸರಿನ ಎರಡನೆಯ ಭಾಗ 'ಏರೇಕ್ಟುಸ್'. ನಾವು ಕೇಳುವ ಉಚ್ಚಾರಣೆ 'ಇರೆಕ್ಟಸ್'. ಆ ಜಾತಿಯನ್ನು ಈಗ ನಮ್ಮ ಕುಲಕ್ಕೇ ಸೇರಿಸಿ 'ಹೋಮೋ ಇರೆಕ್ಟಸ್' ಎನ್ನುತ್ತೇವೆ. 'ಏರೇಕ್ಟುಸ್' ಎಂದರೆ ನೆಟ್ಟಗೆ ನಿಲ್ಲಿಸಲ್ಪಟ್ಟ. ನಿಲ್ಲುವ ಕೆಲಸ ಮುಗಿದಿದೆ. ಅದರ ಫಲವು ಬೆನ್ನೆಲುಬಿನಲ್ಲಿಯೂ ತೊಡೆಯ ಮೂಳೆಯಲ್ಲಿಯೂ ಉಳಿದಿದೆ. ಭೂತಕೃದಂತವು ಹೇಳುವುದು ಇಂತಹ ಸಿದ್ಧವಾದ ಸ್ಥಿತಿಯನ್ನು.

'ಸಪಿಯೇನ್ಸ್' ಎ೦ಬುದು ವರ್ತಮಾನ ಕೃದಂತ. ಇದು ಹೇಳುವುದು ಮುಗಿದ ಕೆಲಸವನ್ನಲ್ಲ. ವಾಕ್ಯದ ಮುಖ್ಯಕ್ರಿಯೆಯು ನಡೆಯುವ ಕಾಲದಲ್ಲಿಯೇ ತಾನೂ ನಡೆಯುತ್ತಿರುವ ಕ್ರಿಯೆಯನ್ನು ಅದು ಸೂಚಿಸುತ್ತದೆ. ಹಾರುವಾಗ ಹಕ್ಕಿಯು 'ವೊಲಾನ್ಸ್'. ಕೊಂಬೆಯ ಮೇಲೆ ಕುಳಿತಾಗ ಆ ಮಾತು ಅದಕ್ಕೆ ಸ್ವಭಾವಸೂಚಕವಾಗಿ ಮಾತ್ರ ಸಲ್ಲುತ್ತದೆ. ಅರಿವಿನ ವಿಷಯವೂ ಹೀಗೆಯೇ. ಲಿನೀಯಸ್ 1735ರ ಮೊದಲನೆಯ ಆವೃತ್ತಿಯಲ್ಲಿ ಮನುಷ್ಯನಿಗೆ ದೇಹಲಕ್ಷಣಗಳನ್ನು ಬರೆಯಲಿಲ್ಲ. ತನ್ನನ್ನು ತಾನು ಅರಿತುಕೊಳ್ಳಬೇಕೆಂಬ ಪ್ರಾಚೀನರ ಉಪದೇಶವನ್ನೇ ಆ ಸ್ಥಳದಲ್ಲಿ ಬರೆದನು. ಇಪ್ಪತ್ತಮೂರು ವರ್ಷಗಳ ಅನಂತರ ಅವನು ಕೊಟ್ಟ 'ಸಪಿಯೇನ್ಸ್' ಎಂಬ ಹೆಸರೂ ಆ ಉಪದೇಶಕ್ಕೆ ಅನುಗುಣವಾಗಿಯೇ ಇದೆ. ಬೇರೆಲ್ಲ ಜೀವಿಗಳಿಗೆ ಹೆಸರಿಟ್ಟ ಪ್ರಾಣಿಯು ತನಗೂ ತಾನೇ ಹೆಸರಿಟ್ಟುಕೊಂಡಿತು. ಆ ಹೆಸರನ್ನು ಪ್ರಮಾಣಪತ್ರವೆಂದು ಭಾವಿಸುವುದಕ್ಕೆ ಅದರ ವ್ಯಾಕರಣವೇ ಅವಕಾಶ ಕೊಡುವುದಿಲ್ಲ. ಒಳ್ಳೆಯದನ್ನೂ ಕೆಟ್ಟುದನ್ನೂ ಸವಿದು ನೋಡಿ, ಬೇರ್ಪಡಿಸಿ, ಅರಿಯುವ ಕೆಲಸವನ್ನು ನಾವು ನಡೆಸುತ್ತಿರುವಷ್ಟು ಕಾಲ ಆ ಪದವು ಪೂರ್ಣಾರ್ಥದಲ್ಲಿ ನಮಗೆ ಸಲ್ಲುತ್ತದೆ.